ಬೆಳಗೊಳದ ಅಮೋನಿಯಾ ಪಟ್ಟಿಯಲ್ಲಿ ಯಾಕಿಲ್ಲ?

ಮೈಸೂರಿನಿಂದ ಕನ್ನಂಬಾಡಿ ಕಟ್ಟೆಗೆ ಹೊರಟವರ ಮನಸ್ಸೆಲ್ಲ ಬೃಂದಾವನದ ಕಡೆಗಿರುತ್ತದೆ. ದಾರಿಯಲ್ಲಿ ಸಿಗುವ ಬೆಳಗೊಳದ ಕಡೆಗಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಈ ಹೋಬಳಿ ಊರು ಮೈಸೂರಿನವರಿಗೆ ನೆನಪಾಗುವುದು ನಲ್ಲಿಯಲ್ಲಿ ನೀರು ಬಾರದ ದಿನ. ಪಟ್ಟಣಕ್ಕೆ ಕಾವೇರಿ ನೀರೆತ್ತುವ ಪಂಪ್‌ಹೌಸ್‌ಗಳಲ್ಲಿ ಒಂದು ಇಲ್ಲಿದೆ. ಅರಸೀಕೆರೆ ಕಡೆಗೆ ಹೋಗುವ ರೈಲು ದಾರಿಯಲ್ಲಿ ಪುಟ್ಟ ನಿಲ್ದಾಣವಿದೆ, ಕೈಗಾರಿಕಾ ಪ್ರದೇಶವಿದೆ. ಇಷ್ಟೇ ಆಗಿದ್ದರೆ ಊರಿನ ಬಗ್ಗೆ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಭಾರತದ ರಸಗೊಬ್ಬರದ ಚರಿತ್ರೆ ಬರೆಯುವ ಯಾರೂ ಈ ಹೆಸರನ್ನು ಬಿಡುವಂತಿಲ್ಲ.

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ರೂಪುಗೊಂಡ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಂಪನಿ, 1940ರ ಆಸುಪಾಸಿನಲ್ಲಿ ಬೆಳಗೊಳದ ಕಾರ್ಖಾನೆಯಲ್ಲಿ ಗಾಳಿಯ ಸಾರಜನಕಕ್ಕೆ ಜಲಜನಕ ಕೂಡಿಸಿ ಅಮೋನಿಯಾ ತಯಾರಿಸಿತು. ದೇಶದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಕೇರಳದ ಆಲುವಾದ ಫ್ಯಾಕ್ಟ್ ಉತ್ಪಾದನೆ ಶುರು ಮಾಡಿದ್ದು 1947ರಲ್ಲಿ, ಈಗ ಜಾರ್ಖಂಡಿನಲ್ಲಿರುವ ಸಿಂದ್ರಿ 1951ರಲ್ಲಿ. ಪಕ್ಕದಲ್ಲೇ ಕಾವೇರಿಯ ನೀರು, ಶಿವನಸಮುದ್ರದ ಕರೆಂಟು, ಬಾಗಿಲಿಗೆ ರೈಲು, ನಾಲೆಯ ಬಯಲಲ್ಲಿ ಕಬ್ಬು-ಭತ್ತದ ರೈತರು. ಜಾಗ ಆರಿಸಿದವರ ಲೆಕ್ಕಾಚಾರ ಊಹಿಸಲು ಕಷ್ಟವಿಲ್ಲ. ಅಮೋನಿಯಾಕ್ಕೆ ಗಂಧಕಾಮ್ಲ ಸೇರಿದರೆ ಅಮೋನಿಯಂ ಸಲ್ಫೇಟ್, ಅಂದರೆ ಹಳಬರು ಹೇಳುವ ಸೀಮೆಗೊಬ್ಬರ. ಆ ಕಾರ್ಖಾನೆ ಬಹಳ ಹಿಂದೆಯೇ ನಿಂತಿತು. ಅದು ತಯಾರಿಸುತ್ತಿದ್ದ ಅನಿಲ ಮಾತ್ರ ವಾಯುಗುಣದ ವಿಜ್ಞಾನಕ್ಕೆ ಒಂದು ಒಳ್ಳೆಯ ಒಗಟನ್ನು ಒಡ್ಡುತ್ತದೆ.

ಒಗಟು ಹುಟ್ಟಿದ್ದು ಲಂಡನ್ನಿನಲ್ಲಿ. 1859ರಲ್ಲಿ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜಾನ್ ಟಿಂಡಾಲ್ ಒಂದು ಉದ್ದನೆಯ ಹಿತ್ತಾಳೆ ಕೊಳವೆ ಜೋಡಿಸಿಕೊಂಡ. ಎರಡೂ ತುದಿಗೆ ಕಲ್ಲುಪ್ಪಿನ ಬಿಲ್ಲೆ. ಗಾಜು ಹಾಕುವಂತಿರಲಿಲ್ಲ, ಕಣ್ಣಿಗೆ ಪಾರದರ್ಶಕವಾದ ಗಾಜು ಶಾಖದ ಕಿರಣಕ್ಕೆ ಗೋಡೆಯೇ ಸರಿ. ಒಂದು ಕಡೆ ಕುದಿನೀರು ತುಂಬಿದ ತಾಮ್ರದ ಪೆಟ್ಟಿಗೆ, ಇನ್ನೊಂದು ಕಡೆ ಶಾಖ ತಾಗಿದರೆ ವಿದ್ಯುತ್ ಹುಟ್ಟಿಸುವ ಥರ್ಮೊಪೈಲ್, ಅದಕ್ಕೆ ಸೂಜಿಯ ಮಾಪಕ. ಕೊಳವೆಯೊಳಗೆ ಒಂದೊಂದೇ ಅನಿಲ ತುಂಬಿ, ಯಾವುದು ಎಷ್ಟು ಶಾಖ ಹೀರುತ್ತದೆ ಎಂದು ನೋಡಿದ. (ಮೂರು ವರ್ಷ ಮೊದಲೇ, 1856ರಲ್ಲಿ, ಅಮೆರಿಕದ ಯೂನಿಸ್ ಫೂಟ್ ಎಂಬ ಹೆಂಗಸು ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ್ದು ಹೆಚ್ಚು ಕಾಯುತ್ತದೆ ಎಂದು ತೋರಿಸಿದ್ದಳು. ಆಕೆಯ ಹೆಸರನ್ನು ಲೋಕ ನೂರೈವತ್ತು ವರ್ಷ ಮರೆತಿತ್ತು.) ಟಿಂಡಾಲ್ ಮುಂದೆ ಕೊಟ್ಟ ಪಟ್ಟಿಯಲ್ಲಿ ಬರೀ ಗಾಳಿಯ ಹೀರುವಿಕೆಯನ್ನು 1 ಎಂದು ಇಟ್ಟುಕೊಂಡರೆ ಇಂಗಾಲದ ಡೈಆಕ್ಸೈಡ್ 90, ನೈಟ್ರಸ್ ಆಕ್ಸೈಡ್ 355, ಜೌಗು ನೆಲದ ಅನಿಲವಾದ ಮೀಥೇನ್ 403, ಎಥಿಲೀನ್ 970. ಎಲ್ಲಕ್ಕಿಂತ ಮೇಲೆ ಅಮೋನಿಯಾ, 1195.

ಇಂದು ಶೀತಕ ಅನಿಲಗಳ ಯಾವ ಪಟ್ಟಿ ತೆರೆದರೂ ಅಮೋನಿಯಾದ ಎದುರು ಭೂಮಿ ಬಿಸಿಯೇರಿಸುವ ಸಾಮರ್ಥ್ಯದ ಕಾಲಂನಲ್ಲಿ ಸೊನ್ನೆ ಇರುತ್ತದೆ. ಇಂಗಾಲದ ಡೈಆಕ್ಸೈಡನ್ನು 1 ಎಂದಿಟ್ಟರೆ ನೈಟ್ರಸ್ ಆಕ್ಸೈಡಿನ ಅಂಕಿ 273. ಟಿಂಡಾಲ್‌ನ ಕೊಳವೆಯಲ್ಲಿ ಮೊದಲನೆಯದಾಗಿ ನಿಂತದ್ದು ಈಗಿನ ಲೆಕ್ಕದಲ್ಲಿ ಹೆಸರೇ ಇಲ್ಲದಂತಾಗಿದೆ. ಟಿಂಡಾಲ್ ಅಳತೆಯಲ್ಲಿ ತಪ್ಪಿರಲಿಲ್ಲ. ಹಾಗಾದರೆ ಈ ಸೊನ್ನೆ ಯಾಕೆ?

ಕಂಪನದ ಜಾಗ

ಸೂರ್ಯನಿಂದ ಕಾದ ನೆಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಹದಿನೈದು ಡಿಗ್ರಿಯಷ್ಟು ಸರಾಸರಿ ಉಷ್ಣತೆಯ ಭೂಮಿಯಿಂದ ಹೊರಡುವ ಈ ಕಿರಣಗಳ ಉಬ್ಬರ ಇರುವುದು ಸುಮಾರು ಹತ್ತು ಮೈಕ್ರಾನ್ ತರಂಗಾಂತರದ ಹತ್ತಿರ. ದಾರಿಯಲ್ಲಿ ನೀರಾವಿಯೂ ಇಂಗಾಲದ ಡೈಆಕ್ಸೈಡೂ ತಮ್ಮ ಪಾಲನ್ನು ಹೀರಿಕೊಳ್ಳುತ್ತವೆ. ಹದಿನೈದು ಮೈಕ್ರಾನ್ ಸುತ್ತಮುತ್ತ ದಾರಿ ಬಹುತೇಕ ಮುಚ್ಚಿದೆ. ಆದರೆ ಎಂಟರಿಂದ ಹನ್ನೆರಡು ಮೈಕ್ರಾನ್ ನಡುವೆ, ಓಜೋನಿನ ಸಣ್ಣ ಪಟ್ಟೆಯೊಂದನ್ನು ಬಿಟ್ಟರೆ, ತಡೆಯುವವರು ಇಲ್ಲ. ಹವಾಮಾನದವರು ಇದನ್ನು ವಾತಾವರಣದ ಕಿಟಕಿ ಎನ್ನುತ್ತಾರೆ. ನೆಲದ ಶಾಖ ನೇರವಾಗಿ ಬಾಹ್ಯಾಕಾಶಕ್ಕೆ ದಾಟುವುದು ಮುಖ್ಯವಾಗಿ ಇಲ್ಲಿಂದ.

ಅಣು ಶಾಖ ಹೀರುವುದು ತನ್ನ ಪರಮಾಣುಗಳನ್ನು ಅಲುಗಾಡಿಸಿಕೊಳ್ಳಲು. ಅಲುಗಿದಾಗ ಅದರ ವಿದ್ಯುತ್ ಹಂಚಿಕೆ ಅತ್ತಿತ್ತ ಸರಿಯಬೇಕು, ಆಗ ಮಾತ್ರ ಅವಕೆಂಪು ಕಿರಣ ಅದನ್ನು ಹಿಡಿಯಬಲ್ಲದು. ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳಲ್ಲಿ ಒಂದೇ ಬಗೆಯ ಎರಡು ಪರಮಾಣುಗಳು. ಎಷ್ಟು ಅಲುಗಿದರೂ ಏನೂ ಸರಿಯುವುದಿಲ್ಲ. ಹಾಗಾಗಿ ಅವು ಹೆಚ್ಚುಕಮ್ಮಿ ಪಾರದರ್ಶಕ. ಅವುಗಳ ಕಂಪನವನ್ನು ನೋಡಬೇಕಾದರೆ ಬೇರೆ ಉಪಾಯ ಬೇಕು. ಆ ಉಪಾಯ ಕಂಡುಹಿಡಿದ ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದು ಇಲ್ಲೇ ನೆಲೆಸಿದರು. ರಾಮನ್ ಪರಿಣಾಮ ಮತ್ತು ಅವಕೆಂಪು ಹೀರಿಕೆ ಒಂದೇ ಅಣುವಿನ ಎರಡು ಸಾಕ್ಷಿಗಳು. ಒಂದಕ್ಕೆ ಕಾಣದ ಕಂಪನ ಎಷ್ಟೋ ಸಲ ಇನ್ನೊಂದಕ್ಕೆ ಕಾಣುತ್ತದೆ.

ಅಮೋನಿಯಾ ಅಣುವಿನ ತಳದಲ್ಲಿ ಮೂರು ಜಲಜನಕ, ತುದಿಯಲ್ಲಿ ಒಂದು ಸಾರಜನಕ. ಜೋರು ಗಾಳಿಗೆ ಕೊಡೆ ಒಳಗಿಂದ ಹೊರಕ್ಕೆ ಮಗುಚುತ್ತದಲ್ಲ, ಹಾಗೆ ಈ ಅಣು ತನ್ನನ್ನು ತಾನೇ ಮಗುಚಿಕೊಳ್ಳುತ್ತ ಕಂಪಿಸುತ್ತದೆ. ಆ ಕಂಪನ ಬೀಳುವುದು ಹತ್ತೂವರೆ ಮೈಕ್ರಾನ್ ಆಸುಪಾಸಿನಲ್ಲಿ. ಅಂದರೆ ಕಿಟಕಿಯ ಸರಿಯಾಗಿ ನಡುವೆ! ಹೀರುವ ಬಲ ಜಾಸ್ತಿ, ಹೀರುವ ಜಾಗವೂ ಕೆಟ್ಟದ್ದೇ. ಅದರ ಮಗ್ಗುಲಲ್ಲೇ, 10.6 ಮೈಕ್ರಾನಿನಲ್ಲಿ, ಇನ್ನೊಂದು ಕೈಗಾರಿಕಾ ಅನಿಲ ಕೂತಿದೆ: ಸಲ್ಫರ್ ಹೆಕ್ಸಾಫ್ಲೋರೈಡ್. ವಿದ್ಯುತ್ ಸಬ್‌ಸ್ಟೇಷನ್‌ಗಳ ಬ್ರೇಕರ್‌ಗಳಲ್ಲಿ ಕಿಡಿ ಆರಿಸಲು ತುಂಬುವ ಅನಿಲ ಇದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರಕ್ಕೆ ತಂತಿ ಎಳೆದ ನಾಡಿನಲ್ಲಿ ಇಂದು ಇದನ್ನು ತುಂಬಿದ ಪೆಟ್ಟಿಗೆಗಳಿಲ್ಲದೆ ದೊಡ್ಡ ಗ್ರಿಡ್ ನಡೆಯುವುದಿಲ್ಲ. ಈ ಅನಿಲದ ಒಂದು ಕಿಲೋ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 24 ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಕ್ಕಪಕ್ಕದ ಮನೆಯವರು, ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ 24 ಸಾವಿರ.

ವ್ಯತ್ಯಾಸ ಇರುವುದು ಆಯಸ್ಸಿನಲ್ಲಿ. ಅಮೋನಿಯಾ ನೀರು ಕಂಡಲ್ಲಿ ಕರಗುತ್ತದೆ, ಆಮ್ಲ ಕಂಡಲ್ಲಿ ಸೇರಿಕೊಳ್ಳುತ್ತದೆ. ಗಾಳಿಗೆ ಬಿಟ್ಟದ್ದು ಕೆಲವು ಗಂಟೆಯಲ್ಲೋ ದಿನದಲ್ಲೋ ಇಲ್ಲವಾಗುತ್ತದೆ. ಸಲ್ಫರ್ ಹೆಕ್ಸಾಫ್ಲೋರೈಡನ್ನು ಮಳೆ ಮುಟ್ಟುವುದಿಲ್ಲ, ಬಿಸಿಲು ಮುರಿಯುವುದಿಲ್ಲ. ಅದರ ಆಯಸ್ಸನ್ನು ಬಹುಕಾಲ ಮೂರು ಸಾವಿರ ವರ್ಷಕ್ಕೂ ಹೆಚ್ಚು ಎಂದು ಬರೆಯುತ್ತಿದ್ದರು, ಈಚಿನ ಎಣಿಕೆ ಸಾವಿರ ವರ್ಷದ ಆಸುಪಾಸಿಗೆ ಇಳಿದಿದೆ. ನಮ್ಮ ಮಟ್ಟಿಗೆ ಎರಡೂ ಒಂದೇ.

ಬೆಂಗಳೂರಿನ ಹುಡುಗ ಹಾಕಿದ ಲೆಕ್ಕ

ಟಿಂಡಾಲ್ ಅಳೆದದ್ದು ಬಹುಮಟ್ಟಿಗೆ ನಿಸರ್ಗದಲ್ಲೂ ಇದ್ದ ಅನಿಲಗಳನ್ನು. ಮನುಷ್ಯನೇ ಹುಟ್ಟಿಸಿದ ಅನಿಲಗಳಿಗೂ ಈ ಪ್ರಶ್ನೆ ಕೇಳಬೇಕು ಎಂದು ಹೊಳೆದವರ ಕಥೆಯಲ್ಲಿ ಬೆಂಗಳೂರು ಬರುತ್ತದೆ. ವೀರಭದ್ರನ್ ರಾಮನಾಥನ್ ತಮಿಳು ಮನೆಯ ಹುಡುಗ; ಹನ್ನೊಂದನೇ ವಯಸ್ಸಿಗೆ ಬೆಂಗಳೂರಿಗೆ ಬಂದರು. ಇಲ್ಲಿನ ಶಾಲೆಯ ಇಂಗ್ಲಿಷ್ ಪಾಠ ತಲೆಗೆ ಹತ್ತದೆ, ಮೇಷ್ಟರು ಹೇಳುವುದನ್ನು ಕೇಳುವ ಅಭ್ಯಾಸವೇ ತಪ್ಪಿತು, ಎಲ್ಲವನ್ನೂ ತಾವೇ ಯೋಚಿಸಿ ತಿಳಿಯಬೇಕಾಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1965ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದಕ್ಕೆ ಸೇರಿದರು. ಶೀತಕ ಅನಿಲ ಯಂತ್ರಗಳಿಂದ ಇಷ್ಟು ಬೇಗ ಯಾಕೆ ಸೋರಿಹೋಗುತ್ತದೆ ಎಂದು ಪತ್ತೆ ಮಾಡುವುದು ಅಲ್ಲಿ ಅವರ ಕೆಲಸ. ಆ ಅನಿಲ ಕ್ಲೋರೋಫ್ಲೋರೋಕಾರ್ಬನ್, ಅಂದರೆ ಸಿಎಫ್‌ಸಿ. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 1970ರಲ್ಲಿ ಎಂ.ಇ. ಪದವಿ. ಅಲ್ಲಿ ಅವರಿಗೆ ಒಪ್ಪಿಸಿದ್ದು ಇಂಟರ್‌ಫೆರೋಮೀಟರ್ ಕಟ್ಟುವ ಕೆಲಸ. ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಮತ್ತೆ ಕೂಡಿಸಿ, ಅವೆರಡರ ತಾಳ ತಪ್ಪಿದ್ದರಿಂದ ಅಳತೆ ತೆಗೆಯುವ ಉಪಕರಣ ಅದು.

ಅಮೆರಿಕಕ್ಕೆ ಹೋಗಿ, ಗ್ರಹಗಳ ವಾತಾವರಣದ ಮೇಲೆ ಡಾಕ್ಟರೇಟ್ ಮಾಡಿ, ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿದ್ದಾಗ ಸಿಎಫ್‌ಸಿ ಮತ್ತೆ ಎದುರಾಯಿತು. ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಈ ಅನಿಲಗಳು ಓಜೋನ್ ಪದರವನ್ನು ತಿನ್ನುತ್ತವೆ ಎಂದು ಬರೆದಿದ್ದರು. ಎಲ್ಲರ ಕಣ್ಣೂ ಓಜೋನ್ ಮೇಲೆ. ರಾಮನಾಥನ್ ಬೇರೆ ಪ್ರಶ್ನೆ ಕೇಳಿದರು: ಇವು ಅವಕೆಂಪು ಕಿರಣವನ್ನು ಏನು ಮಾಡುತ್ತವೆ? ಪ್ರಯೋಗಾಲಯಗಳಲ್ಲಿ ಮೊದಲೇ ಅಳೆದಿಟ್ಟಿದ್ದ ಹೀರಿಕೆಯ ಅಂಕಿಗಳನ್ನು ತೆಗೆದು ವಾತಾವರಣದ ಗಣಿತಕ್ಕೆ ಹಾಕಿದರು. 1975ರ ಅಕ್ಟೋಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಲೇಖನ ಮೂರೇ ಪುಟದ್ದು. ನೂರು ಕೋಟಿ ಗಾಳಿಯ ಅಣುಗಳಲ್ಲಿ ಎರಡೇ ಎರಡು ಇಂಥವಾದರೂ ಭೂಮಿಯ ಉಷ್ಣತೆ ಗಮನಿಸುವಷ್ಟು ಏರಬಹುದು ಎಂಬುದು ಅದರ ಸಾರ. ಒಂದು ಸಿಎಫ್‌ಸಿ ಅಣು ಹತ್ತು ಸಾವಿರಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಅಣುಗಳಿಗೆ ಸಮ ಎಂದಾಗ ನಂಬಿದವರು ಕಡಿಮೆ. ಇಂದಿನ ಅಂಕಿ ಇನ್ನೂ ಮೇಲಕ್ಕೇ ಇದೆ: ಸಿಎಫ್‌ಸಿ-12ರ ಒಂದು ಅಣು ಸುಮಾರು 27 ಸಾವಿರ ಇಂಗಾಲದ ಡೈಆಕ್ಸೈಡ್ ಅಣುಗಳಷ್ಟು ಶಾಖ ಹಿಡಿಯುತ್ತದೆ.

ಇಷ್ಟು ದೊಡ್ಡ ಅಂಕಿಗೆ ಕಾರಣ ಎರಡು. ಇಂಗಾಲಕ್ಕೂ ಫ್ಲೋರಿನ್ನಿಗೂ ನಡುವಿನ ಬಂಧ ಅಲುಗುವುದು ಎಂಟರಿಂದ ಹತ್ತು ಮೈಕ್ರಾನಿನ ಸುಮಾರಿನಲ್ಲಿ, ಕ್ಲೋರಿನ್ ಬಂಧ ಹನ್ನೊಂದರಿಂದ ಹದಿಮೂರರಲ್ಲಿ. ಎರಡೂ ಕಿಟಕಿಯ ಒಳಗೋ ಅಂಚಿಗೋ ಬರುತ್ತವೆ. ಇನ್ನೊಂದು ಕಾರಣ, ಇಂಗಾಲದ ಡೈಆಕ್ಸೈಡ್ ಈಗಾಗಲೇ ಗಾಳಿಯಲ್ಲಿ ತುಂಬಿರುವುದರಿಂದ ಅದರ ಜಾಗದಲ್ಲಿ ಹೊಸದಾಗಿ ಬಂದ ಅಣುವಿಗೆ ಹೀರಲು ಹೆಚ್ಚು ಉಳಿದಿಲ್ಲ. ಖಾಲಿ ಜಾಗಕ್ಕೆ ಬಂದ ಸಿಎಫ್‌ಸಿಗೆ ಪೂರ್ತಿ ಪಾಲು ಸಿಗುತ್ತದೆ. ಈ ಎರಡನೆಯ ಕಾರಣವನ್ನು ಹೇಳದೆ ಬರೀ ‘ಸಾವಿರಾರು ಪಟ್ಟು ಅಪಾಯಕಾರಿ’ ಎಂದು ಬರೆಯುವುದು ನಮ್ಮ ಪತ್ರಿಕೆಗಳ ರೂಢಿ. ಅಣುವಿನ ಗುಣದಷ್ಟೇ ಗಾಳಿಯ ಈಗಿನ ಸ್ಥಿತಿಯೂ ಆ ಅಂಕಿಯಲ್ಲಿ ಸೇರಿದೆ.

ಬೆಳಗೊಳದ ಅನಿಲ ಇಲ್ಲಿ ಮತ್ತೆ ಬರುತ್ತದೆ. ಸಿಎಫ್‌ಸಿ ಬರುವ ಮುನ್ನ ಐಸ್ ಕಾರ್ಖಾನೆ, ಕೋಲ್ಡ್ ಸ್ಟೋರೇಜುಗಳನ್ನು ತಣ್ಣಗಿಡುತ್ತಿದ್ದದ್ದು ಅಮೋನಿಯಾವೇ. ಮೂಗಿಗೆ ಬಡಿಯುವ ಘಾಟು, ಸೋರಿದರೆ ಕಣ್ಣು-ಶ್ವಾಸಕೋಶಕ್ಕೆ ಅಪಾಯ. ಮನೆಯೊಳಗಿನ ಫ್ರಿಜ್ಜಿಗೆ ಹೊಂದುತ್ತಿರಲಿಲ್ಲ. 1930ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಸಭೆಯೊಂದರ ಎದುರು ಫ್ರಿಯಾನ್ ಅನಿಲವನ್ನು ಬಾಯಿತುಂಬ ಎಳೆದುಕೊಂಡು, ಅದನ್ನು ಊದಿ ಮೇಣದಬತ್ತಿ ಆರಿಸಿದ. ವಿಷವಲ್ಲ, ಉರಿಯುವುದೂ ಇಲ್ಲ ಎಂದು ತೋರಿಸಲು. ಅವನು ಹೇಳಿದ್ದು ನಿಜ. ಯಾವುದರ ಜೊತೆಗೂ ಕೂಡದ, ಏನೂ ಮಾಡದ ಅನಿಲ. ಏನೂ ಮಾಡದ್ದರಿಂದಲೇ ಅದು ನೂರು ವರ್ಷ ಮೇಲೆ ಉಳಿಯುತ್ತದೆ. ಸೋರಿದ ಕೂಡಲೇ ಎಲ್ಲರನ್ನೂ ಎಬ್ಬಿಸುವ ಅಮೋನಿಯಾ ಕೆಲವೇ ದಿನದೊಳಗೆ ಮಾಯ.

ಪ್ರಯೋಗಾಲಯದ ಕೊಳವೆ

ಈಗ ಈ ಅಳತೆಯನ್ನು ಹೇಗೆ ಮಾಡುತ್ತಾರೆ? ಉಪಕರಣದ ಹೆಸರು ಫೂರಿಯೆ ಟ್ರಾನ್ಸ್‌ಫಾರ್ಮ್ ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್. ಲ್ಯಾಬುಗಳಲ್ಲಿ ಎಫ್‌ಟಿಐಆರ್ ಎಂದರೆ ಸಾಕು. ಔಷಧ ಕಂಪನಿಯಿಂದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರೆಗೆ ಎಲ್ಲೆಡೆ ಇರುತ್ತದೆ. ಒಳಗೆ ಕೆಂಪಗೆ ಕಾದ ಸಿಲಿಕಾನ್ ಕಾರ್ಬೈಡ್ ಕಡ್ಡಿ ಅವಕೆಂಪು ಬೆಳಕು ಬಿಡುತ್ತದೆ. ಆ ಬೆಳಕು ಎರಡಾಗಿ ಒಡೆದು, ಒಂದು ಪಾಲು ನಿಂತ ಕನ್ನಡಿಗೂ ಇನ್ನೊಂದು ಹಿಂದೆ-ಮುಂದೆ ಜಾರುವ ಕನ್ನಡಿಗೂ ಬಡಿದು ಬಂದು ಕೂಡುತ್ತದೆ. ಇದೂ ಇಂಟರ್‌ಫೆರೋಮೀಟರೇ, ರಾಮನಾಥನ್ ಕಟ್ಟಿದ ಯಂತ್ರದ ಕುಲದ್ದು. ಕೂಡಿದ ಬೆಳಕು ಅನಿಲ ತುಂಬಿದ ಕೊಳವೆಯನ್ನು ಹಾದು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಗೆ ತಣಿಸಿದ ಶೋಧಕಕ್ಕೆ ಬೀಳುತ್ತದೆ. ಕಂಪ್ಯೂಟರ್ ಆ ಏರಿಳಿತವನ್ನು ಬಿಡಿಸಿ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಕಾಣೆಯಾಯಿತು ಎಂಬ ಗೆರೆ ಎಳೆದುಕೊಡುತ್ತದೆ.

ಗೆರೆ ಬರಿಸುವುದು ಸುಲಭ. ಅದರಿಂದ ನಂಬುವಂಥ ಅಂಕಿ ತೆಗೆಯುವುದೇ ಕೆಲಸ. ಮೊದಲು ಕೊಳವೆಯೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯಬೇಕು. ಸಿಲಿಂಡರಿನಿಂದ ಬಂದ ಅನಿಲದಲ್ಲಿ ಬೇರೆ ಏನೋ ಬೆರೆತಿರಬಹುದು, ಹಾಗಾಗಿ ಅದನ್ನು ಹೆಪ್ಪುಗಟ್ಟಿಸಿ, ಮೇಲಿನ ಕಲ್ಮಶ ಎಳೆದು, ಮತ್ತೆ ಕರಗಿಸಿ, ಹೀಗೆ ಕೆಲವು ಸುತ್ತು. ಆಮೇಲೆ ಗೊತ್ತಾದ ಒತ್ತಡದಷ್ಟು ಅನಿಲ ಬಿಟ್ಟು, ಮೇಲೆ ಶುದ್ಧ ಸಾರಜನಕ ತುಂಬಿ ಒಟ್ಟು ಒತ್ತಡವನ್ನು ಹೊರಗಿನ ಗಾಳಿಯ ಮಟ್ಟಕ್ಕೆ ತರುತ್ತಾರೆ. ಅಕ್ಕಪಕ್ಕದ ಅಣುಗಳು ಢಿಕ್ಕಿ ಹೊಡೆಯುವಾಗ ಹೀರಿಕೆಯ ಗೆರೆ ಅಗಲವಾಗುತ್ತದೆ, ಅದು ನಿಜವಾದ ಗಾಳಿಯಲ್ಲಿರುವಂತೆ ಇರಬೇಕು. ಬೇರೆ ಬೇರೆ ಪ್ರಮಾಣದಲ್ಲಿ ಇದನ್ನೇ ಮತ್ತೆ ಮಾಡಿ, ಅನಿಲ ಎರಡು ಪಟ್ಟಾದರೆ ಹೀರಿಕೆಯೂ ಎರಡು ಪಟ್ಟಾಗುತ್ತದೆಯೇ ಎಂದು ನೋಡಬೇಕು. ಆಗದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಇದರಲ್ಲೂ ಅಮೋನಿಯಾ ತುಂಟ. ಕೊಳವೆಯ ಗೋಡೆಗೆ ಅಂಟಿಕೊಂಡು, ಹಾಕಿದ್ದಕ್ಕಿಂತ ಕಡಿಮೆ ಇದ್ದಂತೆ ತೋರಿಸುತ್ತದೆ. ಕೊಳವೆಯ ತುದಿಗೆ ಹಾಕುವ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಟಿಂಡಾಲ್‌ನ ಕಲ್ಲುಪ್ಪಿನ ವಂಶಸ್ಥ. ಉಪ್ಪಿನ ಜಾತಿಯೇ ಆದ್ದರಿಂದ ಆಷಾಢದ ತೇವದ ಗಾಳಿ ತಾಗಿದರೆ ಮಬ್ಬಾಗುತ್ತದೆ. ಯಂತ್ರದ ಕೋಣೆಯಲ್ಲಿ ತೇವ ತೆಗೆಯುವ ಯಂತ್ರ ಸದಾ ಓಡುತ್ತಲೇ ಇರಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದ ಒಳ್ಳೆಯ ಲ್ಯಾಬುಗಳ ಅಂಕಿಗಳು ಒಂದಕ್ಕೊಂದು ಐದು ಪ್ರತಿಶತದ ಆಸುಪಾಸಿನಲ್ಲಿ ಹೊಂದುತ್ತವೆ. ವಾಯುಗುಣ ವಿಜ್ಞಾನದಲ್ಲಿ ಇಷ್ಟು ಗಟ್ಟಿಯಾದ ಅಂಕಿ ಸಿಗುವುದು ಅಪರೂಪ.

ಮುಂದಿನ ಹೆಜ್ಜೆ, ಆ ಗೆರೆಯನ್ನು ಭೂಮಿಯ ಮೇಲಿಟ್ಟು ಓದುವುದು. 1995ರಲ್ಲಿ ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಕೀತ್ ಶೈನ್, ಫೋರ್ಡ್ ಕಾರು ಕಂಪನಿಯ ಸಂಶೋಧಕ ಟಿಮೊಥಿ ವಾಲಿಂಗ್ಟನ್ ಮುಂತಾದವರು ಒಂದು ಸರಳ ದಾರಿ ಕೊಟ್ಟರು. ಅವಕೆಂಪು ಹರವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯಲ್ಲಿ ಅಣುವೊಂದು ಇಷ್ಟು ಹೀರಿದರೆ ಭೂಮಿಗೆ ಇಷ್ಟು ಶಾಖ ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕ. ಹೊಸ ಅನಿಲ ಬಂದರೆ ಲ್ಯಾಬಿನ ಗೆರೆಯನ್ನು ಪಟ್ಟಿಪಟ್ಟಿಯಾಗಿ ಇದರಿಂದ ಗುಣಿಸಿ ಕೂಡಿಸಿದರಾಯಿತು. ಕಾರು ಕಂಪನಿಗೆ ಇದರಲ್ಲೇನು ಆಸಕ್ತಿ ಎಂದು ಕೇಳಬಹುದು. ಆಗಷ್ಟೇ ಕಾರಿನ ಎ.ಸಿ.ಗಳು ಸಿಎಫ್‌ಸಿ ಬಿಟ್ಟು ಎಚ್‌ಎಫ್‌ಸಿ-134ಎ ಎಂಬ ಹೊಸ ಅನಿಲಕ್ಕೆ ಹೊರಳುತ್ತಿದ್ದವು. ಅದು ಓಜೋನ್ ತಂಟೆಗೆ ಹೋಗುವುದಿಲ್ಲ, ಸರಿ. ಬಿಸಿಯ ಲೆಕ್ಕದಲ್ಲಿ ಹೇಗೆ? ಹದಿನಾಲ್ಕು ವರ್ಷ ಬದುಕುತ್ತದೆ, 1,530 ಪಟ್ಟು ಎಂಬುದು ವಾಯುಗುಣದ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿಯ ಉತ್ತರ.

ಆಯಸ್ಸಿನ ಲೆಕ್ಕವೇ ಈ ಕೂಡಿಸು-ಗುಣಿಸಿನಲ್ಲಿ ಅಲ್ಲಾಡುವ ಕಂಬ. ಅಲ್ಯೂಮಿನಿಯಂ ಕರಗಿಸುವ ಕುಲುಮೆಗಳಿಂದ ಹೊರಡುವ ಕಾರ್ಬನ್ ಟೆಟ್ರಾಫ್ಲೋರೈಡ್ 50 ಸಾವಿರ ವರ್ಷ ಉಳಿಯುತ್ತದೆ ಎನ್ನುತ್ತಾರೆ. ಬೆಳಗಾವಿಯಲ್ಲಿ ಇಂಡಾಲ್ ಕಂಪನಿ ಅಲ್ಯೂಮಿನಿಯಂ ಕರಗಿಸುತ್ತಿದ್ದ ಕುಲುಮೆ ನಿಂತು ದಶಕಗಳಾದವು. 1970ರ ದಶಕದಲ್ಲಿ ಅದರಿಂದ ಹೊರಟ ಆ ಅಣುಗಳು ಇಂದಿಗೂ, ಹೆಚ್ಚುಕಮ್ಮಿ ಒಂದೂ ಬಿಡದೆ, ಗಾಳಿಯಲ್ಲೇ ಇವೆ.

ಅಂಕಿ ದುಡ್ಡಾದಾಗ

1990ರ ಮೊದಲ ಐಪಿಸಿಸಿ ವರದಿ ಹೀರಿಕೆ, ಆಯಸ್ಸು, ತೂಕ ಮೂರನ್ನೂ ಕಲಸಿ, ಇಂಗಾಲದ ಡೈಆಕ್ಸೈಡನ್ನು 1 ಎಂದಿಟ್ಟು, ಪ್ರತಿ ಅನಿಲಕ್ಕೂ ಒಂದು ಅಂಕಿ ಕೊಟ್ಟಿತು. ಅದೂ ಮೂರು ಬಗೆಯಲ್ಲಿ: 20 ವರ್ಷಕ್ಕೆ, 100ಕ್ಕೆ, 500ಕ್ಕೆ. ಬಿಸಿಯೇರಿಸುವ ಅನಿಲಗಳನ್ನು ತಗ್ಗಿಸಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದ ನಡುವಿನದನ್ನು ಎತ್ತಿಕೊಂಡಿತು. ನೂರೇ ಯಾಕೆ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ; ಅದು ಮನುಷ್ಯರು ಮಾಡಿಕೊಂಡ ಆಯ್ಕೆ. ಹನ್ನೆರಡೇ ವರ್ಷ ಬದುಕುವ ಮೀಥೇನ್ 100 ವರ್ಷದ ಲೆಕ್ಕದಲ್ಲಿ 28ರ ಸುಮಾರು, 20ರ ಲೆಕ್ಕದಲ್ಲಿ 80ರ ಮೇಲೆ. ಮೀಥೇನ್ ಬಿಡುವ ಭತ್ತದ ಗದ್ದೆಯವನ ಪಾಲಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಒಮ್ಮೆ ಅಂಕಿ ಹುಟ್ಟಿದ ಮೇಲೆ ಅದು ಮಾರುಕಟ್ಟೆಗೂ ಹೋಗುತ್ತದೆ. ಹಳೆಯ ಎ.ಸಿ.ಗಳಿಗೆ ಬೇಕಾದ ಆರ್-22 ಅನಿಲ ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಕಸದ ಅನಿಲ ಹುಟ್ಟುತ್ತದೆ. ಕ್ಯೋಟೋ ಕಾಲದಲ್ಲಿ ಅದಕ್ಕಿದ್ದ ಅಂಕಿ 11,700. ಒಂದು ಟನ್ ಸುಟ್ಟುಹಾಕಿದರೆ 11,700 ಟನ್‌ಗಳ, ಮಾರಲು ಬರುವ ಕಾರ್ಬನ್ ಕ್ರೆಡಿಟ್. ಗುಜರಾತಿನ ಕಾರ್ಖಾನೆ ಸೇರಿ ಹಲವು ಕಡೆ ಕಸ ಸುಡುವುದರಲ್ಲೇ ಭಾರಿ ಲಾಭ ಬಂತು, ಕಸಕ್ಕಾಗಿಯೇ ಸರಕು ತಯಾರಿಸುತ್ತಾರೆಂಬ ಆರೋಪವೂ ಬಂತು. 2013ರಲ್ಲಿ ಯುರೋಪ್ ಆ ಕ್ರೆಡಿಟ್‌ಗಳಿಗೆ ಬಾಗಿಲು ಹಾಕಿತು. 2016ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರ ಕಂಪನಿಗಳು ಅದನ್ನು ಸ್ವಂತ ಖರ್ಚಿನಲ್ಲೇ ಸುಡಬೇಕು ಎಂದು ಆದೇಶಿಸಿತು. ಇದರ ನಡುವೆ ಆ 11,700 ಒಮ್ಮೆ 14,800ಕ್ಕೆ ಏರಿ, ಇನ್ನೊಮ್ಮೆ 12,400ಕ್ಕೆ ಇಳಿದು, ಈಗ 14,600 ಆಗಿದೆ. ಅಳತೆ ಸುಧಾರಿಸಿದಂತೆ ಅಂಕಿ ಬದಲಾಗುವುದು ವಿಜ್ಞಾನಕ್ಕೆ ಸಹಜ. ಅದರ ಮೇಲೆ ಬಿಲ್ ಬರೆಯುವವರಿಗೆ ತಲೆನೋವು.

ನನ್ನ ದೃಷ್ಟಿಯಲ್ಲಿ ದೊಡ್ಡ ತೊಡಕು ಅದೂ ಅಲ್ಲ. ಅನಿಲದ ಗುಣ ಲ್ಯಾಬಿನಲ್ಲಿ ಗೊತ್ತಾಗುತ್ತದೆ. ಎಷ್ಟು ಅನಿಲ ಮೇಲೆ ಹೋಯಿತು ಎಂಬುದು ಗೊತ್ತಾಗುವುದು ಹೊಲದಲ್ಲಿ, ಬೀದಿಯಲ್ಲಿ. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂಸ್ಥೆ ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ 378 ಲಕ್ಷ ಟನ್ ಮೀಥೇನ್ ಬಿಡುತ್ತವೆ ಎಂದು ಅಂದಾಜು ಮಾಡಿತು. ಕೂತಲ್ಲೇ ಹಾಕಿದ ಲೆಕ್ಕ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ಗದ್ದೆಗಳಿಗೇ ಇಳಿದು, ಪೈರಿನ ಮೇಲೆ ಪೆಟ್ಟಿಗೆ ಮುಚ್ಚಿ, ಅನಿಲ ಹಿಡಿದು ಅಳೆದರು. ಬಂದದ್ದು 40 ಲಕ್ಷ ಟನ್ ಆಸುಪಾಸು. ಹತ್ತರಲ್ಲಿ ಒಂದು ಪಾಲು!

ಗೊಬ್ಬರದಲ್ಲೂ ಹೀಗೆಯೇ. ಬೆಳಗೊಳದಲ್ಲಿ ಶುರುವಾದ ಕೆಲಸ ಇಂದು ಯೂರಿಯಾ ಚೀಲವಾಗಿ ಮಂಡ್ಯದ ಸೊಸೈಟಿಗಳಿಗೆ ಬರುತ್ತದೆ. ಯೂರಿಯಾ ಆಗುವುದು ಅಮೋನಿಯಾದಿಂದ. ಮಣ್ಣಿಗೆ ಬಿದ್ದ ಸಾರಜನಕದಲ್ಲಿ ಸಣ್ಣ ಪಾಲನ್ನು ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಮಾಡುತ್ತವೆ, ಅದು 109 ವರ್ಷ ಉಳಿಯುತ್ತದೆ. ತಾನು ಸೊನ್ನೆ ಅಂಕಿಯ ಅಮೋನಿಯಾ ಹೊಲದಲ್ಲಿ ಹೀಗೆ 273ರ ಅನಿಲವಾಗುತ್ತದೆ. ಐಪಿಸಿಸಿಯ ಸಾಮಾನ್ಯ ಸೂತ್ರ ನೂರಕ್ಕೆ ಒಂದು ಪಾಲು ಎನ್ನುತ್ತದೆ. ಆ ಸೂತ್ರ ಹಿಡಿದರೆ ಕಬ್ಬಿಗೆ ಎರಚಿದ 45 ಕಿಲೋ ಚೀಲವೊಂದರಿಂದ ಸುಮಾರು 90 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮವಾದಷ್ಟು. ಆದರೆ ನೀರು ನಿಂತ ಭತ್ತದಲ್ಲಿ ಈ ಪಾಲು ಕಡಿಮೆ, ನೀರು ಕಟ್ಟಿ ಬಿಟ್ಟು ಮಾಡಿದರೆ ಹೆಚ್ಚು. ನಾಲೆಯಲ್ಲಿ ಸರದಿಯ ಮೇಲೆ ನೀರು ಬಿಡುವ ಬಯಲಿಗೆ ಜಗತ್ತಿನ ಸರಾಸರಿ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಲಂಡನ್ನಿನ ಕೊಳವೆ ಹೇಳಲಾರದು.

ಬೀದಿಯ ಲೆಕ್ಕ ಇನ್ನೂ ಸಡಿಲ. ಬೇಸಿಗೆ ಬಂತೆಂದರೆ ಮೇಟಗಳ್ಳಿ, ಹೂಟಗಳ್ಳಿ, ಬೆಳಗೊಳದ ಕಡೆಯ ಎ.ಸಿ. ಮೆಕ್ಯಾನಿಕ್‌ಗಳಿಗೆ ಬಿಡುವಿರುವುದಿಲ್ಲ. “ಗ್ಯಾಸ್ ಕಮ್ಮಿ ಆಗದೆ ಸಾರ್, ಟಾಪ್‌ಅಪ್ ಮಾಡ್ಬೇಕು” ಎಂಬ ಮಾತನ್ನು ಕೇಳದ ಮನೆಯಿಲ್ಲ. ಕಮ್ಮಿಯಾದದ್ದು ಎಲ್ಲಿಗೆ ಹೋಯಿತು ಎಂದು ಮನೆಯವರು ಕೇಳುವುದಿಲ್ಲ. ಹಳೆಯ ಯಂತ್ರದ ಆರ್-22 ಒಂದು ಕಿಲೋ ಸೋರಿದರೆ 1,960 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಕಾರಿನಲ್ಲಿ 850 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಈಗ ಹೆಚ್ಚಾಗಿ ಬರುವ ಆರ್-32ಕ್ಕೆ ಅಂಕಿ 771. ಅಡುಗೆ ಅನಿಲದ ಬಳಗದ ಪ್ರೊಪೇನ್ ತುಂಬಿದ ಎ.ಸಿ.ಗಳೂ ಭಾರತದ ಮಾರುಕಟ್ಟೆಗೆ 2012ರಲ್ಲೇ ಬಂದವು, ಅದರ ಅಂಕಿ ಒಂದಕ್ಕಿಂತ ಕಡಿಮೆ. ಉರಿಯುತ್ತದೆಂಬ ಭಯ ಅದರ ಬೆನ್ನಿಗಿದೆ. ದೊಡ್ಡ ಡೇರಿ, ಕೋಲ್ಡ್ ಸ್ಟೋರೇಜುಗಳಲ್ಲಿ ಅಮೋನಿಯಾ ಜಾಗ ಬಿಟ್ಟುಕೊಟ್ಟೇ ಇಲ್ಲ.

ಓಜೋನ್ ಉಳಿಸುವ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಹಾಕಿತು. 2028ರಿಂದ ಎಚ್‌ಎಫ್‌ಸಿ ಬಗೆಯ ಅನಿಲಗಳ ಬಳಕೆ ಏರುವಂತಿಲ್ಲ, 2032ರಿಂದ ಹಂತ ಹಂತವಾಗಿ ಇಳಿದು 2047ಕ್ಕೆ ಶೇ 85ರಷ್ಟು ಕಡಿಮೆಯಾಗಬೇಕು. 2019ರ ರಾಷ್ಟ್ರೀಯ ಶೀತಲೀಕರಣ ಯೋಜನೆಯಲ್ಲಿ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡುವ ಮಾತಿತ್ತು. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರವೂ ಮಾರುಕಟ್ಟೆಯಲ್ಲಿದೆ. ಅದನ್ನು ಕೊಂಡು, ಮೂರನೇ ಮಹಡಿಗೆ ಹೊತ್ತು ಹತ್ತಿಸಿ, ಅರ್ಧ ಗಂಟೆ ಕಾದು ಗ್ಯಾಸ್ ಎಳೆದುಕೊಂಡವನಿಗೆ ಗಿರಾಕಿ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ. ಹೊಸ ಗ್ಯಾಸ್ ತುಂಬುವಾಗ ಮೆಕ್ಯಾನಿಕ್ ಸಿಲಿಂಡರನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ಬಿಲ್ ಮಾಡುತ್ತಾನೆ. ಹಳೆಯದನ್ನು ಹೊರಬಿಡುವಾಗ ಆ ತಕ್ಕಡಿ ಚೀಲದಿಂದ ಹೊರಗೆ ಬರುವುದಿಲ್ಲ, ಬಿಲ್ಲಿನಲ್ಲಿ ಅದಕ್ಕೊಂದು ಸಾಲೂ ಇಲ್ಲ.